ಯಂತ್ರಕ್ಕೆ ಕುಕ್ಕರಗಾಲು ಗೊತ್ತಿಲ್ಲ

ಕೃತಕ ಸೊಂಟದ ಕೀಲನ್ನು ಪರೀಕ್ಷಿಸುವ ಯಂತ್ರಕ್ಕೆ ಬರುವುದು ಒಂದೇ ಕೆಲಸ: ಸಮನೆಲದ ಮೇಲೆ ನಡೆಯುವುದು. ಲೋಹದ ಅಥವಾ ಸೆರಾಮಿಕ್‌ನ ಗುಂಡನ್ನು ಪ್ಲಾಸ್ಟಿಕ್ ಬಟ್ಟಲೊಳಗೆ ಕೂಡಿಸುತ್ತಾರೆ. ಅದನ್ನು ಕರುವಿನ ರಕ್ತದಿಂದ ತೆಗೆದ, ಮೈಬಿಸಿಯಷ್ಟೇ ಬಿಸಿಯಿರುವ ಸೀರಂನಲ್ಲಿ ಮುಳುಗಿಸಿ ಸೆಕೆಂಡಿಗೆ ಒಂದು ಹೆಜ್ಜೆಯಂತೆ ತೂಗಾಡಿಸುತ್ತಾರೆ. ತೊಡೆ ಮುಂದಕ್ಕೆ 25 ಡಿಗ್ರಿ, ಹಿಂದಕ್ಕೆ 18 ಡಿಗ್ರಿ. ಪಕ್ಕಕ್ಕೆ ಒಂದಿಷ್ಟು, ತಿರುಚು ಒಂದಿಷ್ಟು. ಹೆಜ್ಜೆ ಊರುವಾಗ ಗರಿಷ್ಠ 3,000 ನ್ಯೂಟನ್, ಅಂದರೆ ಸುಮಾರು 300 ಕಿಲೋ ಭಾರ. ಹೀಗೆ 50 ಲಕ್ಷ ಸಲ. ಹಗಲೂ ರಾತ್ರಿ ಎಡೆಬಿಡದೆ ಓಡಿಸಿದರೂ 58 ದಿನ ಹಿಡಿಯುತ್ತದೆ. ನಡುನಡುವೆ ನಿಲ್ಲಿಸಿ, ಬಟ್ಟಲನ್ನು ತೊಳೆದು, ಒಣಗಿಸಿ, ಎಷ್ಟು ಸವೆಯಿತೆಂದು ತೂಗಿ ನೋಡುವ ಹೊತ್ತು ಬೇರೆ. ಐಎಸ್‌ಒ 14242 ಎಂಬ ಅಂತರರಾಷ್ಟ್ರೀಯ ಮಾನಕ ವಿಧಿಸಿರುವ ಪರೀಕ್ಷೆಯಿದು. ಇದರಲ್ಲಿ ಪಾಸಾಗದ ಕೀಲು ಆಪರೇಷನ್ ಥಿಯೇಟರಿನ ಹತ್ತಿರವೂ ಸುಳಿಯಬಾರದು ಎಂಬುದು ಸರಿಯಾದ ಕಾಳಜಿಯೇ.

ಈಗ ರಾಯಚೂರು ತಾಲೂಕಿನ ಚಂದ್ರಬಂಡ ಹೋಬಳಿಗೆ ಬನ್ನಿ. ಹತ್ತಿ ಬಿಡಿಸುವ ದಿನಗಳಲ್ಲಿ ಯಾವ ಹೊಲದ ಬದುವಿನ ಮೇಲೆ ನಿಂತರೂ ಸಾಲು ಹಿಡಿದು ಹೊರಟ ಹೆಣ್ಣುಮಕ್ಕಳು ಕಾಣುತ್ತಾರೆ. ಸೊಂಟ ಬಗ್ಗಿಸಿ ಗಿಡದ ಕೆಳಗಿನ ಕಾಯಿಗೆ ಕೈಹಾಕುತ್ತಾರೆ, ಅರ್ಧ ಏಳುತ್ತಾರೆ, ಪಕ್ಕಕ್ಕೆ ಹೊರಳುತ್ತಾರೆ, ಮತ್ತೆ ಬಗ್ಗುತ್ತಾರೆ. ಬಿಡಿಸಿದ ಹತ್ತಿ ಸೊಂಟಕ್ಕೆ ಕಟ್ಟಿದ ಉಡಿಯೊಳಗೆ ಸೇರುತ್ತದೆ. ಉಡಿ ತುಂಬಿದಂತೆ ಮುಂಭಾರ ಹೆಚ್ಚುತ್ತದೆ, ಹೆಜ್ಜೆ ಅಗಲವಾಗುತ್ತದೆ. ಕಳೆ ತೆಗೆಯುವ ದಿನಗಳಲ್ಲಿ ಖುರಪಿ ಹಿಡಿದು ಕುಕ್ಕರಗಾಲಲ್ಲೇ ಸಾಲಿನುದ್ದಕ್ಕೂ ಸರಿಯುತ್ತಾರೆ. ಅತ್ತ ಮಾನ್ವಿ ಕಡೆಯ ಕಾಲುವೆ ನೀರಿನ ಗದ್ದೆಗಳಲ್ಲಿ ಕೆಸರಿನಿಂದ ಕಾಲು ಕೀಳುತ್ತ ಹಿಂದಹಿಂದಕ್ಕೆ ನಡೆಯುವ ನಾಟಿ ಕೆಲಸ. ಮನೆಗೆ ಬಂದ ಮೇಲೆ ಒಲೆ ಮುಂದೆ ಒಂದು ಮಂಡಿ ಮೇಲೆತ್ತಿ, ಇನ್ನೊಂದು ಮಡಿಚಿ ಕುಳಿತು ರೊಟ್ಟಿ ಬಡಿಯಬೇಕು. ಉಣ್ಣುವುದು ಚಕ್ಕಳಮಕ್ಕಳ ಹಾಕಿ. ಈ ಬದುಕಿನ ಬಹುಪಾಲು ಚಲನೆ ಆ ಯಂತ್ರದ ಪಟ್ಟಿಯಲ್ಲೇ ಇಲ್ಲ.

ಮೂಳೆ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತರೆ ಈ ಅಂತರ ಮಾತಿನ ರೂಪದಲ್ಲೇ ಕೇಳಿಸುತ್ತದೆ.

"ಇನ್ಮ್ಯಾಗ ನೆಲದ ಮ್ಯಾಗ ಕುಂದ್ರಬ್ಯಾಡಮ್ಮ. ಕಾಲು ಮಡಿಚಬ್ಯಾಡ. ಕುರ್ಚಿ ಮ್ಯಾಗ ಕುಂದ್ರು."

"ಕುಂದ್ರಲಾರದ ರೊಟ್ಟಿ ಹ್ಯಾಂಗ ಬಡೀಬೇಕ್ರಿ ಸಾಹೇಬ್ರ?"

ಡಾಕ್ಟರು ಹೇಳುವುದು ತಪ್ಪಲ್ಲ. ಹೆಚ್ಚು ಮಡಿಚಿದರೆ ಗುಂಡು ಬಟ್ಟಲಿನಿಂದ ಜಾರೀತು ಎಂಬ ಭಯ ಅವರಿಗಿದೆ. ಆ ತಾಯಿಯ ಪ್ರಶ್ನೆಯೂ ತಪ್ಪಲ್ಲ. ಇದಕ್ಕೆ ಉತ್ತರ ಹುಡುಕುವ ಒಂದು ದಾರಿ ಕಂಪ್ಯೂಟರಿನೊಳಗಿದೆ. ಆದರೆ ಆ ಕಂಪ್ಯೂಟರಿಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳಬೇಕು.

ಮಗ್ಗದಿಂದ ಬಂದ ಪ್ಲಾಸ್ಟಿಕ್

ಸೊಂಟದ ಕೀಲಿನ ಸವೆತದ ಕಥೆಗೂ ಹತ್ತಿಗೂ ನಂಟಿದೆ. ಇಂಗ್ಲೆಂಡಿನ ಲ್ಯಾಂಕಾಶೈರ್ ಹತ್ತಿ ಗಿರಣಿಗಳ ಸೀಮೆ. ಅಲ್ಲಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಸರ್ಜನ್ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸವೆದ ಕೀಲಿನ ಜಾಗಕ್ಕೆ ಉಕ್ಕಿನ ಗುಂಡು, ಟೆಫ್ಲಾನ್ ಬಟ್ಟಲು ಜೋಡಿಸತೊಡಗಿದರು. ಟೆಫ್ಲಾನ್ ನುಣುಪು, ಅದರಷ್ಟು ಜಾರುವ ವಸ್ತುಗಳು ವಿರಳ. ರೋಗಿಗಳು ಎದ್ದು ನಡೆದರು. ಆದರೆ ಮೂರ್ನಾಲ್ಕು ವರ್ಷದೊಳಗೆ ಬಟ್ಟಲುಗಳು ಸವೆದು, ಉದುರಿದ ಪುಡಿ ಸುತ್ತಲ ಮಾಂಸ ಮೂಳೆಯನ್ನು ಕೆರಳಿಸಿ, ಸುಮಾರು 300 ಜನರಿಗೆ ಹಾಕಿದ ಕೀಲುಗಳು ಒಂದೊಂದಾಗಿ ಸೋತವು. ನುಣುಪಾಗಿದ್ದರೆ ಸಾಲದು, ಸವೆಯದೆ ಇರಬೇಕು ಎಂಬ ಪಾಠ ಅಷ್ಟು ಜನರ ನೋವಿನಿಂದ ಬಂತು.

1962ರ ಮೇ ತಿಂಗಳಲ್ಲಿ ಒಬ್ಬ ವ್ಯಾಪಾರಿ ಹೊಸ ಪ್ಲಾಸ್ಟಿಕ್ ತುಂಡೊಂದನ್ನು ಆಸ್ಪತ್ರೆಯ ಪ್ರಯೋಗಶಾಲೆಗೆ ತಂದ. ಲ್ಯಾಂಕಾಶೈರಿನ ನೇಯ್ಗೆ ಯಂತ್ರಗಳ ಹಲ್ಲುಚಕ್ರಗಳಿಗೆ ಬಳಸುತ್ತಿದ್ದ, ಅತಿ ಉದ್ದ ಅಣುಸರಪಳಿಯ ಪಾಲಿಎಥಿಲೀನ್ ಅದು. ಚಾರ್ನ್ಲಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಅವರ ತಂತ್ರಜ್ಞ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಸವೆತದ ಯಂತ್ರಕ್ಕೆ ಹಾಕಿಯೇಬಿಟ್ಟರು. ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುತ್ತಿದ್ದಷ್ಟು ಈ ಪ್ಲಾಸ್ಟಿಕ್ ಮೂರು ವಾರ ಓಡಿದರೂ ಸವೆಯಲಿಲ್ಲ. ಚಾರ್ನ್ಲಿ ಎರಡೂ ವಸ್ತುಗಳ ಪುಡಿಯನ್ನು ತಮ್ಮದೇ ತೊಡೆಯೊಳಗೆ ಸೇರಿಸಿಕೊಂಡು ತಿಂಗಳುಗಟ್ಟಲೆ ಕಾದರು. ಟೆಫ್ಲಾನ್ ಇದ್ದ ಕಡೆ ಗಂಟು ಕಟ್ಟಿತು, ಹೊಸ ಪ್ಲಾಸ್ಟಿಕ್ ಇದ್ದ ಕಡೆ ಕೈಗೆ ಏನೂ ಸಿಗಲಿಲ್ಲ. ಅದೇ ವರ್ಷದ ನವೆಂಬರಿನಿಂದ ಆ ಪ್ಲಾಸ್ಟಿಕ್ಕಿನ ಬಟ್ಟಲು ರೋಗಿಗಳ ಮೈಸೇರಿತು. ಅದರ ಸುಧಾರಿತ ರೂಪವೇ ಇಂದಿಗೂ ಜಗತ್ತಿನ ಬಹುಪಾಲು ಕೃತಕ ಸೊಂಟಗಳಲ್ಲಿದೆ.

ಸವೆಯುವುದು ತೀರಾ ಸೂಕ್ಷ್ಮವಾಗಿ. ಒಂದೊಂದು ಹೆಜ್ಜೆಗೂ ಲಕ್ಷಗಟ್ಟಲೆ ಕಣಗಳು ಕಳಚುತ್ತವೆ. ಹೆಚ್ಚಿನವು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕವು. ದೇಹದ ಕಾವಲು ಕೋಶಗಳು ಇವನ್ನು ರೋಗಾಣುವೆಂದು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಅವು ಕೆರಳಿ ಹೊರಬಿಡುವ ರಾಸಾಯನಿಕಗಳು ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಕೀಲಿನ ಸುತ್ತಲ ಮೂಳೆ ಒಳಗಿಂದಲೇ ಟೊಳ್ಳಾಗುತ್ತ ಹೋಗುತ್ತದೆ. ಬಹಳ ಕಾಲ ನೋವೂ ಇರುವುದಿಲ್ಲ. ಕೀಲು ಸಡಿಲವಾದಾಗಲೇ ಗೊತ್ತಾಗುವುದು. ಎರಡನೇ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಷ್ಟ, ಖರ್ಚು ಹೆಚ್ಚು, ಹಿಡಿದು ನಿಲ್ಲಿಸಲು ಮೂಳೆ ಕಡಿಮೆ.

ಕಾಗದದ ಮೇಲೆ ಒಂದು ವರ್ಷ

ಸವೆತವನ್ನು ಮೊದಲೇ ಲೆಕ್ಕಹಾಕಬಹುದೆ? 1953ರಲ್ಲಿ ಬ್ರಿಟನ್ನಿನ ಜೆ. ಎಫ್. ಆರ್ಚರ್ಡ್ ಒಂದು ಸರಳ ಸಂಬಂಧ ಕೊಟ್ಟರು. ಸವೆದುಹೋಗುವ ವಸ್ತುವಿನ ಗಾತ್ರ ಎರಡು ಸಂಗತಿಗಳ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ: ಒತ್ತುವ ಭಾರ ಮತ್ತು ಉಜ್ಜುವ ದೂರ. ಇವನ್ನು ಆಯಾ ವಸ್ತುಜೋಡಿಯ ಸವೆತದ ಗುಣಾಂಕದಿಂದ ಗುಣಿಸಬೇಕು.

ಶಾಲೆಯ ಗಣಿತದಲ್ಲೇ ಮಾಡಿ ನೋಡೋಣ. ಕೀಲಿನ ಮೇಲೆ ನಡಿಗೆಯ ಸರಾಸರಿ ಭಾರ 1,000 ನ್ಯೂಟನ್ ಎನ್ನಿ. ಗುಂಡಿನ ವ್ಯಾಸ 28 ಮಿಲಿಮೀಟರ್. ಮುಂದೆ 25, ಹಿಂದೆ 18, ಒಟ್ಟು 43 ಡಿಗ್ರಿ ತಿರುಗಿದರೆ ಗುಂಡಿನ ಮೈ ಸುಮಾರು 10.5 ಮಿಲಿಮೀಟರ್ ಜಾರುತ್ತದೆ. ಹೋಗಿ ಬಂದರೆ 21. ಅಂದರೆ ಹೆಜ್ಜೆಗೆ 21 ನ್ಯೂಟನ್-ಮೀಟರ್. ಗುಣಾಂಕವು ಪ್ರತಿ ನ್ಯೂಟನ್-ಮೀಟರಿಗೆ ಘನ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದ ಆಸುಪಾಸು. ವರ್ಷಕ್ಕೆ ಒಂದೊಂದು ಕಾಲು ಹತ್ತು ಲಕ್ಷ ಹೆಜ್ಜೆ ಇಟ್ಟರೆ 21 ಘನ ಮಿಲಿಮೀಟರ್ ಸವೆತ. ಆದರೆ ಹಳೆಯ ಬಗೆಯ ಪ್ಲಾಸ್ಟಿಕ್ ಹಾಕಿಸಿಕೊಂಡವರ ಎಕ್ಸ್-ರೇ ಅಳೆದಾಗ ಗುಂಡು ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಒಳಗಿಳಿಯುತ್ತಿದ್ದದ್ದು ಕಂಡಿತ್ತು. 28ರ ಗುಂಡಿಗೆ ಅದು 60 ಘನ ಮಿಲಿಮೀಟರಿಗೂ ಹೆಚ್ಚು. ನಮ್ಮ ಕಾಗದದ ಲೆಕ್ಕ ಮೂರನೇ ಒಂದು ಭಾಗಕ್ಕೇ ನಿಂತುಬಿಟ್ಟಿತು.

ಯಾಕೆ? ಭಾರ ಹೆಜ್ಜೆಯುದ್ದಕ್ಕೂ ಒಂದೇ ಸಮ ಇರುವುದಿಲ್ಲ. ಗುಂಡಿನ ಮೇಲೆ ಗೀರು ಬೀಳುತ್ತದೆ. ಬಟ್ಟಲು ಸವೆದಂತೆ ಅದರ ಆಕಾರವೇ ಬದಲಾಗಿ ಒತ್ತಡ ಬೇರೆ ಕಡೆ ಹಂಚಿಕೆಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕಾರಣ ಉಜ್ಜುವ ದಿಕ್ಕು. ಹತ್ತಿಯ ಎಳೆಗಳನ್ನು ಒಂದೇ ದಿಕ್ಕಿಗೆ ಬಾಚಿದರೆ ಅವು ಸಾಲಾಗಿ ಮಲಗಿ ಗಟ್ಟಿಯಾಗುತ್ತವೆ. ಅಡ್ಡ ಉಜ್ಜಿದರೆ ಎದ್ದು ಕಿತ್ತುಬರುತ್ತವೆ. ಪಾಲಿಎಥಿಲೀನಿನ ಅಣುಸರಪಳಿಗಳೂ ಹಾಗೆಯೇ. ನೇರ ಹಿಂದೆಮುಂದೆ ಉಜ್ಜಿದರೆ ಸವೆತ ತೀರಾ ಕಡಿಮೆ. ಅಡ್ಡ ಹೊರಳು ಸೇರಿದ ಕೂಡಲೇ ಅದು ಹಲವು ಪಟ್ಟು ಏರುತ್ತದೆ. 1990ರ ದಶಕದ ಪ್ರಯೋಗಗಳಿಂದ ಇದು ಖಚಿತವಾಯಿತು. ಒಂದೇ ದಿಕ್ಕಿನ ಹಳೆಯ ಪರೀಕ್ಷಾ ಯಂತ್ರಗಳು ಅಷ್ಟು ವರ್ಷ ಸುಳ್ಳು ಭರವಸೆ ಕೊಟ್ಟಿದ್ದವೆಂದೂ ಆಗ ತಿಳಿಯಿತು.

ಕಂಪ್ಯೂಟರ್ ನೆರವಿಗೆ ಬರುವುದು ಇಲ್ಲಿ. 1996ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಬಟ್ಟಲಿನ ಒಳಮೈಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಒಂದು ಹೆಜ್ಜೆಯನ್ನು ಹಲವು ಕ್ಷಣಗಳಾಗಿ ಸೀಳಿ, ಪ್ರತಿ ಕ್ಷಣದಲ್ಲಿ ಪ್ರತಿ ತುಣುಕಿನ ಮೇಲೆ ಎಷ್ಟು ಒತ್ತಡ, ಎಷ್ಟು ಜಾರುವಿಕೆ ಎಂದು ಆರ್ಚರ್ಡ್ ಸೂತ್ರದಿಂದ ಕೂಡಿಸುವ ವಿಧಾನ ಪ್ರಕಟಿಸಿದರು. ಇಂಥ ಲೆಕ್ಕದಲ್ಲಿ ಇಂತಿಷ್ಟು ಲಕ್ಷ ಹೆಜ್ಜೆಯಾದ ಮೇಲೆ ತುಣುಕುಗಳನ್ನು ಸವೆದಷ್ಟು ಹಿಂದೆ ಸರಿಸಿ, ಹೊಸ ಆಕಾರದ ಮೇಲೆ ಮತ್ತೆ ಲೆಕ್ಕ ಶುರು ಮಾಡಬಹುದು. ಯಂತ್ರ ಎರಡು ತಿಂಗಳು ಓಡಿ ಹೇಳುವುದನ್ನು ಕಂಪ್ಯೂಟರ್ ಕೆಲವೇ ಗಂಟೆ, ದಿನಗಳಲ್ಲಿ ಹೇಳುತ್ತದೆ. ಗುಂಡಿನ ಗಾತ್ರ ಬದಲಿಸಿ, ಬಟ್ಟಲನ್ನು ಐದು ಡಿಗ್ರಿ ಓರೆ ಮಾಡಿ, ರೋಗಿಯ ತೂಕ ಹೆಚ್ಚಿಸಿ ಮತ್ತೆ ಮತ್ತೆ ಕೇಳಬಹುದು. ಯಾರ ಮೈಯನ್ನೂ ಕೊಯ್ಯಬೇಕಿಲ್ಲ.

ಕರ್ನಾಟಕದಲ್ಲೂ ಈ ಕೆಲಸ ನಡೆದಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಮಣಿಪಾಲದ ತಾಂತ್ರಿಕ ಸಂಸ್ಥೆಯ ಕೆ. ಎನ್. ಚೇತನ್, ಮೊಹಮ್ಮದ್ ಜುಬೇರ್, ಬಿ. ಸತೀಶ್ ಶೆಣೈ ಅವರು ಅಲ್ಲಿನದೇ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ತಜ್ಞ ಎನ್. ಶ್ಯಾಮಸುಂದರ ಭಟ್ ಅವರ ಜೊತೆ ಸೇರಿ ಸೊಂಟದ ಕೀಲಿನ ಕಂಪ್ಯೂಟರ್ ಮಾದರಿಗಳ ಸರಣಿಯನ್ನೇ ಪ್ರಕಟಿಸಿದ್ದಾರೆ. ತೊಡೆಮೂಳೆಯೊಳಗೆ ಇಳಿಯುವ ಕಾಂಡದ ಅಡ್ಡಕೊಯ್ತ ದುಂಡಗಿರಬೇಕೆ, ಅಂಡಾಕಾರವೆ, ಚತುರ್ಭುಜವೆ ಎಂದು ಹೋಲಿಸಿದರು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಾಂಡದ ಕುತ್ತಿಗೆಯ ತುದಿಗೆ ಗುಂಡು ಕೂಡುವ ಭಾಗದ ಅಳತೆಗಳನ್ನು ಬದಲಿಸುತ್ತ ಸವೆತವನ್ನು ಅಂದಾಜು ಮಾಡಿತು. ಇಂಜಿನಿಯರೂ ಶಸ್ತ್ರವೈದ್ಯರೂ ಒಂದೇ ಮೇಜಿಗೆ ಕೂಡಿದ್ದು ಇಲ್ಲಿ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡವೂ ಬಟ್ಟಲಿಗೆ ಹೊಂದುವ ಹೊಸ ಪಾಲಿಎಥಿಲೀನ್ ಮಿಶ್ರಣಗಳ ಮೇಲೆ ವರ್ಷಗಳಿಂದ ದುಡಿಯುತ್ತಿದೆ.

ಕೇಳದ ಪ್ರಶ್ನೆಗೆ ಉತ್ತರವಿಲ್ಲ

ಮಾದರಿ ಎಷ್ಟೇ ಸೂಕ್ಷ್ಮವಾಗಿರಲಿ, ಯಂತ್ರ ಎಷ್ಟೇ ನಿಖರವಾಗಿರಲಿ, ಅದು ಉತ್ತರಿಸುವುದು ಕೇಳಿದ ಪ್ರಶ್ನೆಗೆ ಮಾತ್ರ. ಇದನ್ನು ಜಗತ್ತು ದುಬಾರಿ ಬೆಲೆ ತೆತ್ತು ಕಲಿತದ್ದು ಎಎಸ್‌ಆರ್ ಪ್ರಕರಣದಲ್ಲಿ. ಜಾನ್ಸನ್ ಅಂಡ್ ಜಾನ್ಸನ್ ಬಳಗದ ಡಿಪ್ಯು ಕಂಪನಿಯ ಈ ಕೀಲಿನಲ್ಲಿ ಗುಂಡೂ ಲೋಹ, ಬಟ್ಟಲೂ ಲೋಹ. ಆ ಕಾಲದ ಪರೀಕ್ಷಾ ಯಂತ್ರಗಳಲ್ಲಿ ಬಟ್ಟಲನ್ನು ಸರಿಯಾದ ಓರೆಯಲ್ಲೇ ಕೂಡಿಸಿ ನಡೆಸುವುದು ರೂಢಿ. ನಿಜವಾದ ಶಸ್ತ್ರಚಿಕಿತ್ಸೆಯಲ್ಲಿ ಪ್ರತಿ ಬಟ್ಟಲೂ ಅಷ್ಟು ಕರಾರುವಾಕ್ಕಾಗಿ ಕೂರುವುದಿಲ್ಲ. ಈ ಬಟ್ಟಲು ಅರ್ಧಗೋಳಕ್ಕಿಂತ ಆಳ ಕಡಿಮೆಯದ್ದು. ಸ್ವಲ್ಪ ಕಡಿದಾಗಿ ಕೂತರೂ ಗುಂಡು ಅಂಚಿನ ಮೇಲೆ ಒತ್ತಿ, ಕೋಬಾಲ್ಟ್ ಮತ್ತು ಕ್ರೋಮಿಯಂ ರೋಗಿಗಳ ರಕ್ತಕ್ಕೆ ಸೇರತೊಡಗಿತು. 2009ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಮಾರುಕಟ್ಟೆಯಿಂದ, 2010ರ ಆಗಸ್ಟ್‌ನಲ್ಲಿ ಇಡೀ ಜಗತ್ತಿನಿಂದ ಅದನ್ನು ಹಿಂಪಡೆಯಲಾಯಿತು. ಆ ಹೊತ್ತಿಗೆ ಸುಮಾರು 93,000 ಜನರ ಮೈಯಲ್ಲಿ ಅದಿತ್ತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಾಗಿದ್ದವು. ಕೇಂದ್ರ ಸರ್ಕಾರ ನೇಮಿಸಿದ ತಜ್ಞರ ಸಮಿತಿ 2018ರಲ್ಲಿ ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಅದೇ ವರ್ಷ ಅಂಗವೈಕಲ್ಯ ಮತ್ತು ವಯಸ್ಸಿಗೆ ತಕ್ಕಂತೆ 30 ಲಕ್ಷದಿಂದ 1.23 ಕೋಟಿವರೆಗಿನ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ನಮ್ಮಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಪತ್ತೆಯೇ ಇರಲಿಲ್ಲ. ಯಾರ ಮೈಯಲ್ಲಿ ಯಾವ ಕೀಲಿದೆ ಎಂಬ ಲೆಕ್ಕವನ್ನು ದೇಶ ಇಟ್ಟಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ತೊಂದರೆ ಬೇಗ ಬಯಲಾದದ್ದೇ ಅಂಥ ಲೆಕ್ಕದ ಪುಸ್ತಕ ಅಲ್ಲಿದ್ದುದರಿಂದ.

ಇದಾದ ಮೇಲೆ, 2018ರಲ್ಲಿ, ಐಎಸ್‌ಒ 14242ರ ನಾಲ್ಕನೇ ಭಾಗವಾಗಿ ಅಂಚಿನ ಒತ್ತಡದ ಪರೀಕ್ಷೆ ಸೇರಿತು. ಹೊಸ ಪ್ರಶ್ನೆ ಕೇಳಲು ಮಾನಕ ಕಲಿಯಿತು. ಹಾಗಾದರೆ ನಮ್ಮ ಪ್ರಶ್ನೆಯ ಸರದಿ ಯಾವಾಗ?

ಮಾದರಿಗಳಿಗೆ ಬೇಕಾದ ಭಾರದ ಅಂಕಿಗಳು ಎಲ್ಲಿಂದ ಬರುತ್ತವೆ ನೋಡಿ. ಬರ್ಲಿನ್ನಿನ ಗೇಯೊರ್ಗ್ ಬರ್ಗ್‌ಮನ್ ಅವರ ತಂಡ ಕೀಲಿನೊಳಗೇ ಅಳತೆಯ ಸಂವೇದಕಗಳನ್ನಿಟ್ಟು 2001ರಲ್ಲಿ ಪ್ರಕಟಿಸಿದ ಅಂಕಿಗಳು ಈ ಕ್ಷೇತ್ರದ ಅಡಿಗಲ್ಲು. ನಡೆಯುವಾಗ ಕೀಲಿನ ಮೇಲೆ ದೇಹತೂಕದ ಸುಮಾರು 2.4 ಪಟ್ಟು ಭಾರ, ಮೆಟ್ಟಿಲಿಳಿಯುವಾಗ 2.6 ಪಟ್ಟು ಎಂದು ತಿಳಿದದ್ದು ಅಲ್ಲಿಂದ. ಬೆಲೆ ಕಟ್ಟಲಾಗದ ಕೆಲಸ. ಆದರೆ ಅಳತೆ ಕೊಟ್ಟವರು ನಾಲ್ಕು ಮಂದಿ. ಅವರು ಮಾಡಿದ್ದು ನಡಿಗೆ, ಮೆಟ್ಟಿಲು, ಕುರ್ಚಿಯಲ್ಲಿ ಕೂತು ಏಳುವುದು, ಒಂಟಿಕಾಲಲ್ಲಿ ನಿಲ್ಲುವುದು, ಒಂದಿಷ್ಟು ಮಂಡಿ ಬಗ್ಗಿಸುವುದು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತೀಯರ ಕುಕ್ಕರಗಾಲು, ಚಕ್ಕಳಮಕ್ಕಳ, ಮಂಡಿಯೂರಿಕೆಗಳನ್ನು ಅಳೆದು 2006ರಲ್ಲಿ ಪ್ರಕಟಿಸಿದರು. ಕುಕ್ಕರಗಾಲಲ್ಲಿ ಸೊಂಟ ಸರಾಸರಿ 95 ಡಿಗ್ರಿಯ ಆಸುಪಾಸು ಮಡಿಚುತ್ತದೆಂದು ಕಂಡಿತು. ಪರೀಕ್ಷಾ ಯಂತ್ರದ 25 ಡಿಗ್ರಿಯ ಪಕ್ಕದಲ್ಲಿ ಈ 95 ಇಟ್ಟು ನೋಡಿ.

ಇಲ್ಲೊಂದು ಇಕ್ಕಟ್ಟಿದೆ. ಕೆಳಗೆ ಕೂರುವವರಿಗೆ ದೊಡ್ಡ ಗುಂಡು ಒಳ್ಳೆಯದು. 36 ಮಿಲಿಮೀಟರಿನ ಗುಂಡು 28ರದ್ದಕ್ಕಿಂತ ಜಾರುವ ಸಾಧ್ಯತೆ ಕಡಿಮೆ, ಮಡಿಚಲು ಅವಕಾಶ ಹೆಚ್ಚು. ಆದರೆ ಅದೇ ಡಿಗ್ರಿ ತಿರುಗಿದರೂ ದೊಡ್ಡ ಗುಂಡಿನ ಮೈ ಹೆಚ್ಚು ದೂರ ಉಜ್ಜುತ್ತದೆ. ಆರ್ಚರ್ಡ್ ಲೆಕ್ಕದಲ್ಲಿ ಸವೆತ ಸುಮಾರು 29 ಪ್ರತಿಶತ ಏರುತ್ತದೆ. ಬಟ್ಟಲಿನ ದಪ್ಪಕ್ಕೂ ಜಾಗ ಕಡಿಮೆಯಾಗುತ್ತದೆ. ಆಳವಾಗಿ ಮಡಿಚಿದಾಗ ಕಾಂಡದ ಕುತ್ತಿಗೆ ಬಟ್ಟಲಿನ ಅಂಚಿಗೆ ಬಡಿಯಬಹುದು. 1990ರ ದಶಕದ ಕೊನೆಯಲ್ಲಿ ಬಂದ, ವಿಕಿರಣದಿಂದ ಸರಪಳಿಗಳನ್ನು ಒಂದಕ್ಕೊಂದು ಬೆಸೆದ ಪಾಲಿಎಥಿಲೀನ್ ಸವೆತವನ್ನು ಬಹಳಷ್ಟು ತಗ್ಗಿಸಿ ಈ ಇಕ್ಕಟ್ಟನ್ನು ಸಡಿಲಿಸಿದೆ. ಆದರೂ ಹತ್ತಿ ಹೊಲದ ಬಾಗುವಿಕೆ, ಅಡ್ಡ ಹೊರಳು, ರೊಟ್ಟಿ ಬಡಿಯುವಾಗಿನ ಓರೆ ಕೂರುವಿಕೆ ಸೇರಿದರೆ ಯಾವ ಗಾತ್ರ, ಯಾವ ಓರೆ ಸರಿ ಎಂಬುದಕ್ಕೆ ನಡಿಗೆಯೊಂದನ್ನೇ ಬಲ್ಲ ಲೆಕ್ಕ ಉತ್ತರ ಕೊಡಲಾರದು.

ನಮ್ಮ ಕಡೆ ಇದು ತುರ್ತಿನದು ಎನ್ನಲು ಕಾರಣ ವಯಸ್ಸು. ಪಶ್ಚಿಮದ ದೇಶಗಳಲ್ಲಿ ಸೊಂಟದ ಕೀಲು ಹಾಕಿಸಿಕೊಳ್ಳುವವರು ಹೆಚ್ಚಾಗಿ ಸಂಧಿವಾತದ ಹಿರಿಯರು. ಭಾರತದಲ್ಲಿ ದೊಡ್ಡ ಪಾಲು ಏವಿಎನ್‌ನದು, ಅಂದರೆ ತೊಡೆಮೂಳೆಯ ತಲೆಗೆ ರಕ್ತದ ಹರಿವು ನಿಂತು ಮೂಳೆ ಸಾಯುವ ಕಾಯಿಲೆ. ಅದು ದುಡಿಯುವ ವಯಸ್ಸಿನವರನ್ನೇ ಹಿಡಿಯುತ್ತದೆ. ಕುಡಿತ, ಅತಿಯಾದ ಸ್ಟೆರಾಯ್ಡ್ ಮಾತ್ರೆ ಇದರ ಮುಖ್ಯ ಕಾರಣಗಳಲ್ಲಿ ಸೇರಿವೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ನೂರು ಸೊಂಟದ ಕೀಲುಗಳಲ್ಲಿ 58 ಮಾತ್ರ 25 ವರ್ಷ ಬಾಳುತ್ತವೆ. 35ರ ಹರೆಯದ ಕೂಲಿಗಾರನಿಗೆ 25 ವರ್ಷ ಸಾಲುವುದಿಲ್ಲ. ಅಮೆರಿಕದ ರೋಗಿಗಳ ನಡಿಗೆಯನ್ನು ಎಣಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ ಸರಾಸರಿ 5,000 ಹೆಜ್ಜೆ ಸಿಕ್ಕಿತ್ತು. ವರ್ಷಕ್ಕೆ ಪ್ರತಿ ಕಾಲಿಗೆ ಒಂಬತ್ತು ಲಕ್ಷ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಇಡುವ ಕೂಲಿಗಾರನಿಗೆ ಪ್ರತಿ ಕಾಲಿಗೆ 18 ಲಕ್ಷ. ಯಂತ್ರದ ಆ 50 ಲಕ್ಷ ಅವನಿಗೆ ಮೂರು ವರ್ಷಕ್ಕೂ ಸಾಲದು.

ಈ ಅಳತೆಗಳನ್ನು ಬರ್ಲಿನ್ನಿನವರೋ ಕೆನಡಾದವರೋ ಬಂದು ಮಾಡಲೆಂದು ನಾವು ಕಾಯಬೇಕಿಲ್ಲ. ರಾಯಚೂರಿನಲ್ಲಿ ಐಐಐಟಿ ಇದೆ, 2007ರಿಂದ ರಿಮ್ಸ್ ವೈದ್ಯಕೀಯ ಕಾಲೇಜಿದೆ, ಒಪೆಕ್ ಆಸ್ಪತ್ರೆ ಇದೆ, ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಇಂಜಿನಿಯರಿಂಗ್ ಕಾಲೇಜಿದೆ. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಈ ಊರಿನ ಜನ ಧರಣಿ ಕೂತರು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಈ ಕೆಲಸಕ್ಕೆ ಏಮ್ಸ್ ಬರುವ ತನಕ ಕಾಯಬೇಕಿಲ್ಲ. ಚಲನೆ ಅಳೆಯುವ ಸಂವೇದಕಗಳು ಈಗ ಬಹುತೇಕ ಸ್ಮಾರ್ಟ್‌ಫೋನುಗಳಲ್ಲಿ ಇವೆ. ತೊಡೆಗೆ, ಸೊಂಟಕ್ಕೆ ಕಟ್ಟುವ ಪಟ್ಟಿಗಳು ದುಬಾರಿಯಲ್ಲ. ಒಪ್ಪಿದವರ ಜೊತೆ ಚಂದ್ರಬಂಡದ ಹತ್ತಿ ಹೊಲದಲ್ಲಿ, ಮಾನ್ವಿಯ ಗದ್ದೆಯಲ್ಲಿ, ದೇವದುರ್ಗದ ಒಂದು ಅಡುಗೆಮನೆಯಲ್ಲಿ ಒಂದೊಂದು ದಿನದ ಚಲನೆ ದಾಖಲಿಸಲಿ. ಮಣಿಪಾಲದವರಂತೆ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಮೂಳೆ ವೈದ್ಯರೂ ಒಂದಾಗಿ ಅದನ್ನು ಮಾದರಿಗೆ ಕೊಡಲಿ. ಒಂದು ಎಂಟೆಕ್ ಪ್ರಬಂಧಕ್ಕೆ ಇಷ್ಟು ಸಾಕು. ಅದರ ಫಲಿತಾಂಶ ನೆಲದ ಮೇಲೆ ಕೂತು ಬದುಕುವ ಕೋಟ್ಯಂತರ ಜನರಿಗೆ ಬೇಕಾದದ್ದು.

ಅಲ್ಲಿಯವರೆಗೆ, ಈಗಾಗಲೇ ಸೊಂಟದ ಕೀಲು ಹಾಕಿಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ ಎರಡು ಕೆಲಸ ಮಾಡಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲೋ ಆಪರೇಷನ್ ಟಿಪ್ಪಣಿಯಲ್ಲೋ ಅಂಟಿಸಿರುವ ಸ್ಟಿಕ್ಕರ್ ಹುಡುಕಿ. ಅದರಲ್ಲಿ ಕೀಲಿನ ಕಂಪನಿ, ಅಳತೆ, ಲಾಟ್ ನಂಬರ್ ಇರುತ್ತದೆ. ಸಿಗದಿದ್ದರೆ ಆಸ್ಪತ್ರೆಯಿಂದ ಕೇಳಿ ಪಡೆಯಿರಿ, ಫೋಟೊ ತೆಗೆದು ಮಕ್ಕಳ ಮೊಬೈಲಿನಲ್ಲೂ ಇಡಿ. ಇನ್ನೊಂದು, ನೋವಿಲ್ಲ ಎಂದು ಸುಮ್ಮನಿರಬೇಡಿ. ಡಾಕ್ಟರು ಹೇಳಿದ ಗಡುವಿಗೆ ತಪ್ಪದೆ ಎಕ್ಸ್-ರೇ ತೆಗೆಸಿ, ಹಳೆಯ ಎಕ್ಸ್-ರೇಯನ್ನೂ ಜೊತೆಗೆ ಒಯ್ಯಿರಿ. ಗುಂಡು ಬಟ್ಟಲೊಳಗೆ ಎಷ್ಟು ಇಳಿದಿದೆ ಎಂದು ವೈದ್ಯರಿಗೆ ತಿಳಿಯುವುದು ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ.